ಮೆಟ್ಟಿಲು ಮುಗಿದ ಮೇಲಿನ ಊರು

2022ರಲ್ಲಿ ಚಾಮುಂಡಿ ಬೆಟ್ಟಕ್ಕೆ ರೋಪ್‌ವೇ ಹಾಕುವ ಮಾತು ಮತ್ತೊಮ್ಮೆ ಎದ್ದಾಗ ನಾವು ನಾಲ್ಕೈದು ಜನ ಗೆಳೆಯರು ಮೆಟ್ಟಿಲುಗಳ ಬುಡದಲ್ಲಿ ನಿಂತು ಸಹಿ ಸಂಗ್ರಹಿಸುತ್ತಿದ್ದೆವು. ಬೆಳಗಿನ ಜಾವ ಬೆಟ್ಟ ಹತ್ತಲು ಬರುವವರು ಉಸಿರು ಬಿಡುತ್ತಲೇ ಸಹಿ ಹಾಕಿ ಮುಂದೆ ಹೋಗುತ್ತಿದ್ದರು. ಕಾಗದದ ತಲೆಯ ಮೇಲೆ ದಪ್ಪಕ್ಷರದಲ್ಲಿ ‘ಬೆಟ್ಟ ಉಳಿಸಿ’ ಎಂದಿತ್ತು. ಒಂದು ದಿನ ನಾನೊಬ್ಬಳೇ ಕಾಗದಗಳನ್ನು ಚೀಲಕ್ಕೆ ತುರುಕಿಕೊಂಡು ಮೇಲಕ್ಕೆ ಹತ್ತಿದೆ. ದೇವಸ್ಥಾನದ ಹತ್ತಿರ ಹೂವು ಮಾರುವ ಒಬ್ಬ ಹೆಂಗಸಿನ ಮುಂದೆ ಕುಳಿತು ವಿಷಯ ಹೇಳಿದೆ. ಅವರು ಕೈಯಲ್ಲಿದ್ದ ಬಾಳೆನಾರನ್ನು ಪಕ್ಕಕ್ಕಿಟ್ಟು, ಒದ್ದೆ ಬೆರಳುಗಳನ್ನು ಸೆರಗಿಗೆ ಒರೆಸಿಕೊಂಡು, ಕಾಗದವನ್ನು ಮೊದಲಿನಿಂದ ಕೊನೆಯವರೆಗೆ ಓದಿದರು. ಕೆಳಗೆ ಸಹಿ ಹಾಕಿದ ನೂರಾರು ಜನರಲ್ಲಿ ಹಾಗೆ ಪೂರ್ತಿ ಓದಿದವರನ್ನು ನಾನು ಕಂಡಿರಲಿಲ್ಲ. ಗುಂಡಗಿನ ಅಕ್ಷರದಲ್ಲಿ ತಮ್ಮ ಹೆಸರು ಬರೆದು, ಪೆನ್ನು ಹಿಂದಕ್ಕೆ ಕೊಡುತ್ತಾ ಕೇಳಿದರು: “ಬೆಟ್ಟ ಉಳಿಸಿ ಎಂದು ಬರೆದಿದ್ದೀರಲ್ಲ, ಅದರಲ್ಲಿ ನಾವೂ ಸೇರುತ್ತೇವೆಯೇ?”

“ಸೇರುತ್ತೀರಿ, ಖಂಡಿತ” ಎಂದೆ. ಅವರು ತಲೆಯಾಡಿಸಿ ಮತ್ತೆ ಹೂವು ಕಟ್ಟಲು ಶುರು ಮಾಡಿದರು. ನಾನು ಇಳಿಯುತ್ತಾ ನಂದಿಯ ಹತ್ತಿರ ಬರುವ ಹೊತ್ತಿಗೆ ಚೀಲದಿಂದ ಆ ಕಾಗದವನ್ನು ತೆಗೆದು ಇನ್ನೊಮ್ಮೆ ಓದಿದೆ. ಮರಗಳಿದ್ದವು, ಚಿರತೆ ಇತ್ತು, ನವಿಲಿತ್ತು, ಇಳಿಜಾರಿನ ಮಣ್ಣು ಇತ್ತು. ಜನರಿರಲಿಲ್ಲ. ಬರೆದವಳು ನಾನೇ.

ಜನರ ವಿರೋಧದ ನಂತರ ಅದೇ ವರ್ಷ ರೋಪ್‌ವೇ ಯೋಜನೆಯನ್ನು ಸರ್ಕಾರ ಕೈಬಿಟ್ಟಿತು. ನಾವೆಲ್ಲ ಖುಷಿಪಟ್ಟೆವು. ಆ ಪ್ರಶ್ನೆ ಮಾತ್ರ ನನ್ನನ್ನು ಕೈಬಿಡಲಿಲ್ಲ.

ಕೆಳಗೆ ಹೋಗಿ ಬರುವವರು

ಮೈಸೂರಿನವರು ‘ಬೆಟ್ಟ’ ಎಂದರೆ ಸಾಕು, ಯಾವ ಬೆಟ್ಟ ಎಂದು ಯಾರೂ ಕೇಳುವುದಿಲ್ಲ. “ಬೆಟ್ಟಕ್ಕೆ ಹೋಗಿ ಬಂದೆವು” ಎನ್ನುತ್ತೇವೆ. ಹೊಸ ಸ್ಕೂಟರ್ ತಂದರೆ ಬೆಟ್ಟಕ್ಕೆ, ಮಗುವಿಗೆ ಮುಡಿ ತೆಗೆಸಿದರೆ ಬೆಟ್ಟಕ್ಕೆ, ನೆಂಟರು ಬಂದರೆ ಬೆಟ್ಟಕ್ಕೆ, ಸಕ್ಕರೆ ಕಾಯಿಲೆ ಶುರುವಾಯಿತು ನಡೆಯಿರಿ ಎಂದು ವೈದ್ಯರು ಹೇಳಿದರೂ ಬೆಟ್ಟಕ್ಕೆ. ನಮ್ಮ ಮಾತಿನಲ್ಲಿ ಅದು ಹೋಗಿ ಬರುವ ಜಾಗ. ಅಲ್ಲಿ ಯಾರಾದರೂ ಹುಟ್ಟುತ್ತಾರೆ, ಅಲ್ಲಿಂದ ಯಾರಾದರೂ ಬೆಳಿಗ್ಗೆ ಶಾಲೆಗೆ ಹೊರಡುತ್ತಾರೆ, ಸಂಜೆ ಅಲ್ಲಿನ ಹಿತ್ತಿಲಲ್ಲಿ ಯಾರಾದರೂ ಬಟ್ಟೆ ಒಣಗಿಸುತ್ತಾರೆ ಎಂಬುದು ಗೊತ್ತಿದ್ದರೂ ಮನಸ್ಸಿಗೆ ನಾಟುವುದಿಲ್ಲ. ಸರ್ಕಾರಿ ದಾಖಲೆಯಲ್ಲಿ ಅದೊಂದು ಗ್ರಾಮ, ಅದಕ್ಕೊಂದು ಗ್ರಾಮ ಪಂಚಾಯಿತಿ ಇದೆ. ನಾನು ಮೈಸೂರಿನಲ್ಲೇ ಬೆಳೆದವಳು, ಎಷ್ಟು ಸಲ ಬೆಟ್ಟ ಹತ್ತಿದ್ದೇನೆ ಎಂಬುದಕ್ಕೆ ಲೆಕ್ಕವಿಲ್ಲ. ಆದರೂ ದೇವಸ್ಥಾನದ ಹಿಂದಿನ ಗಲ್ಲಿಗಳಿಗೆ ಮೊದಲ ಬಾರಿ ಕಾಲಿಟ್ಟದ್ದು ಆ ಪ್ರಶ್ನೆಯ ನಂತರವೇ.

ದೊಡ್ಡ ಗೋಪುರದ ಗದ್ದಲವನ್ನು ಬಿಟ್ಟು ದಕ್ಷಿಣಕ್ಕೆ ನಡೆದರೆ ಮಹಾಬಲೇಶ್ವರನ ಗುಡಿ ಸಿಗುತ್ತದೆ. ಬೆಟ್ಟಕ್ಕೆ ಚಾಮುಂಡಿಯ ಹೆಸರು ಬರುವ ಮೊದಲು ಇದ್ದದ್ದು ಇವನ ಹೆಸರು, ಮಹಾಬಲಾದ್ರಿ. ಹತ್ತನೆಯ ಶತಮಾನದ ಶಾಸನವೊಂದು ಈ ಜಾಗವನ್ನು ಮಾರ್ಬಳ ತೀರ್ಥ ಎಂದು ಕರೆಯುತ್ತದೆ. ನಾವು ಕಣ್ಣರಳಿಸಿ ನೋಡುವ ಈಗಿನ ಗೋಪುರ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ್ದು, 1827ರದ್ದು. ನಂದಿ 1664ರದ್ದು, ದೊಡ್ಡ ದೇವರಾಜ ಒಡೆಯರು ಒಂದೇ ಬಂಡೆಯಲ್ಲಿ ಕಡೆಸಿದ್ದು, ಮೆಟ್ಟಿಲುಗಳೂ ಅವರ ಕಾಲದವೇ. ಅಂದರೆ ಮೆಟ್ಟಿಲಿಗಿಂತ ಮೊದಲೇ ಇಲ್ಲಿ ದೇವರಿದ್ದ. ದೇವರಿದ್ದನೆಂದರೆ ದಿನವೂ ದೀಪ ಹಚ್ಚುವವರೊಬ್ಬರು, ನೀರು ಹೊರುವವರೊಬ್ಬರು ಹತ್ತಿರದಲ್ಲೇ ಇದ್ದಿರಲೇಬೇಕು. ಮಹಾಬಲೇಶ್ವರನ ಗುಡಿಯ ತಗ್ಗಾದ ಚಾವಣಿಯ ಕೆಳಗೆ, ಮಧ್ಯಾಹ್ನದಲ್ಲೂ ತಣ್ಣಗಿರುವ ಕಲ್ಲಿನ ಮೇಲೆ ಕುಳಿತಾಗಲೆಲ್ಲ ನನಗೆ ರಾಜರಿಗಿಂತ ಹೆಚ್ಚಾಗಿ ಆ ನೀರು ಹೊರುವವರ ನೆನಪೇ ಬರುತ್ತದೆ.

ಅಲ್ಲಿನವರ ಮಾತನ್ನು ಗಮನಿಸುತ್ತಾ ಹೋದಂತೆ ಒಂದು ಸಂಗತಿ ಹೊಳೆಯಿತು. ಅವರು ಮೈಸೂರಿಗೆ ಹೋಗುತ್ತೇನೆ ಎನ್ನುವುದು ಕಡಿಮೆ. “ಕೆಳಗೆ ಹೋಗಿ ಬರುತ್ತೇನೆ” ಎನ್ನುತ್ತಾರೆ. ಗ್ಯಾಸ್ ಸಿಲಿಂಡರ್ ಕೆಳಗಿನಿಂದ ಬರಬೇಕು, ಮಗಳನ್ನು ಕೆಳಗೆ ಕೊಟ್ಟಿದ್ದೇವೆ, ಕೆಳಗೆ ಆಸ್ಪತ್ರೆಗೆ ಸೇರಿಸಿದ್ದೆವು, ಕೆಳಗೆ ಬಿಸಿಲು ಜಾಸ್ತಿ. ಅರಮನೆ, ವಿಶ್ವವಿದ್ಯಾಲಯ, ರೈಲು ನಿಲ್ದಾಣ, ಹತ್ತು ಲಕ್ಷ ದಾಟಿದ ಜನ, ಎಲ್ಲವೂ ಸೇರಿ ಒಂದು ‘ಕೆಳಗೆ’. ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಮೇಲಿರುವ ಈ ತುದಿ ನಗರಕ್ಕಿಂತ ಎತ್ತರದಲ್ಲಿರುವುದು ಸುಮಾರು 300 ಮೀಟರ್ ಅಷ್ಟೇ. ಆದರೆ ಆ 300 ಮೀಟರಿನ ನಡುವೆ ಕಾಡಿದೆ. ಕಾಡು ಎಂದರೆ ಮಲೆನಾಡಿನ ಕಾಡಲ್ಲ. ಕುರುಚಲು, ಜಾಲಿ, ಕಕ್ಕೆ, ಯಾವಾಗಲೋ ನೆಟ್ಟ ನೀಲಗಿರಿ, ಎಲ್ಲವನ್ನೂ ಮೀರಿ ಹಬ್ಬಿದ ಲಂಟಾನ. ಬೇಸಿಗೆಯಲ್ಲಿ ಒಣಗಿ ಬೀಡಿಯ ಕಿಡಿಗೂ ಹೊತ್ತಿಕೊಳ್ಳುತ್ತದೆ. ಮಳೆ ಬಿದ್ದ ಹತ್ತು ದಿನಕ್ಕೆ ನೋಡಿದರೆ ಇದೇ ಬೆಟ್ಟವೇ ಎನ್ನಿಸುವಷ್ಟು ಹಸಿರು.

ವಿಜಯದಶಮಿಯ ದಿನ ಉತ್ಸವಮೂರ್ತಿಯನ್ನು ಬೆಟ್ಟದಿಂದ ಅರಮನೆಗೆ ತರುತ್ತಾರಲ್ಲ, ಆನೆಯ ಮೇಲಿನ ಅಂಬಾರಿಯಲ್ಲಿ ಕೂರಿಸಲು, ಅದನ್ನು ಟಿವಿಯಲ್ಲಿ ಎಲ್ಲರೂ ನೋಡಿದ್ದೇವೆ. ಹೂವಿನ ಹೆಂಗಸು ಅದನ್ನು ಹೇಳಿದ ರೀತಿಯೇ ಬೇರೆ. “ಅಮ್ಮ ವರ್ಷಕ್ಕೊಮ್ಮೆ ಕೆಳಗೆ ಹೋಗಿ ಬರುತ್ತಾಳೆ” ಎಂದರು. ಹಾಗೆಂದು ಹೇಳುವಾಗ ಅವರ ದನಿಯಲ್ಲಿ ಪೇಟೆಗೆ ಹೋದ ಮನೆಯವಳು ಕತ್ತಲಾಗುವುದರೊಳಗೆ ಬಂದು ಸೇರಲಿ ಎನ್ನುವಂಥ ಕಾಳಜಿ ಇತ್ತು. ದಸರಾ ಮುಗಿದು, ನಗರ ತನ್ನ ದೀಪಗಳನ್ನು ಬಿಚ್ಚುವ ಕೆಲವೇ ದಿನಗಳಲ್ಲಿ ಬೆಟ್ಟದ ಮೇಲೆ ತೇರು, ಆಮೇಲೆ ದೇವಿಕೆರೆಯಲ್ಲಿ ತೆಪ್ಪೋತ್ಸವ. ಅದು ಅವರ ಊರಹಬ್ಬ. ಕೆಳಗೆ ಕೊಟ್ಟ ಹೆಣ್ಣುಮಕ್ಕಳು ಮಕ್ಕಳನ್ನು ಕಟ್ಟಿಕೊಂಡು ತವರಿಗೆ ಬರುವುದು ಆಗ. ದಸರೆಗೆ ಪುರುಸೊತ್ತು ಎಲ್ಲಿಂದ ಬರಬೇಕು, ಅದು ವ್ಯಾಪಾರದ ಕಾಲ.

ಅರಿಶಿನ, ಕುಂಕುಮ, ಮಳೆ

ನನಗೆ ಒಂಬತ್ತೋ ಹತ್ತೋ ವರ್ಷ. ಆಷಾಢದ ಒಂದು ಶುಕ್ರವಾರ ಅಮ್ಮ ಹರಕೆ ಹೊತ್ತಿದ್ದಳು, ಮೆಟ್ಟಿಲು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚಿ ಹತ್ತುವುದೆಂದು. ಸಾವಿರ ಮೆಟ್ಟಿಲು ಎನ್ನುವುದು ವಾಡಿಕೆ, ನಾನು ಅಂದು ಎಣಿಸಲು ಹೊರಟು ಇನ್ನೂರರ ಹತ್ತಿರ ತಪ್ಪಿದೆ. ಅಮ್ಮನ ಎಡಗೈಯಲ್ಲಿ ಎರಡು ಬಟ್ಟಲು. ಬಲಗೈಯ ಉಂಗುರ ಬೆರಳನ್ನು ಮೊದಲು ಅರಿಶಿನಕ್ಕೆ, ಹೆಬ್ಬೆರಳನ್ನು ಕುಂಕುಮಕ್ಕೆ ಅದ್ದಿ, ಬಾಗಿ, ಕಲ್ಲಿಗೆ ಒಂದು ಗೀರು, ಒಂದು ಬೊಟ್ಟು. ಏಳುವುದು, ಒಂದು ಹೆಜ್ಜೆ, ಮತ್ತೆ ಬಾಗುವುದು. ಜಿನುಗು ಮಳೆ. ಹಿಂದಿನವರು ಹಚ್ಚಿದ ಕುಂಕುಮ ಮಳೆಗೆ ಕರಗಿ ಮೆಟ್ಟಿಲಿಂದ ಮೆಟ್ಟಿಲಿಗೆ ಇಳಿಯುತ್ತಿತ್ತು, ನಮ್ಮ ಪಾದಗಳ ಅಂಚೆಲ್ಲ ಕೆಂಪು. ನಂದಿಯ ಹತ್ತಿರ ಬರುವಷ್ಟರಲ್ಲಿ ಅಮ್ಮನ ಬೆರಳಿನ ತುದಿ ಕಲ್ಲಿಗೆ ಉಜ್ಜಿ ಉಜ್ಜಿ ಸುಲಿದುಹೋಗಿತ್ತು. ರಕ್ತವೋ ಕುಂಕುಮವೋ ನನಗೆ ತಿಳಿಯದೆ ಅಳು ಬಂತು. ಅಮ್ಮ ನಕ್ಕು, ಬೆರಳನ್ನು ಬದಲಿಸಿ ಮುಂದುವರಿದಳು.

ಈ ನೆನಪನ್ನು ನಾನು ಬಹಳ ಕಾಲ ಅಮ್ಮನ ನೆನಪಾಗಿಯೇ ಇಟ್ಟುಕೊಂಡಿದ್ದೆ. ಅದಕ್ಕೆ ಇನ್ನೊಂದು ಬದಿ ಇದೆ ಎಂದು ಗೊತ್ತಾದದ್ದು ಬೆಟ್ಟದ ಒಬ್ಬ ಹಿರಿಯರ ಜೊತೆ ಮಾತಾಡುವಾಗ. ಅವರ ತಾಯಿ ಆಷಾಢದ ಶನಿವಾರಗಳಂದು ಪೊರಕೆ ಹಿಡಿದು ಮೇಲಿನ ಮೆಟ್ಟಿಲುಗಳನ್ನು ಗುಡಿಸಿ ತೊಳೆಯಲು ಹೋಗುತ್ತಿದ್ದರಂತೆ. ಎಣ್ಣೆ, ಕರ್ಪೂರದ ಮಸಿ, ಕುಂಕುಮ ಎಲ್ಲ ಸೇರಿ ಕಲ್ಲು ಜಾರುತ್ತದೆ, ಮುಂದಿನ ವಾರ ಹತ್ತುವವರು ಬೀಳುತ್ತಾರೆ ಎಂದು. ಕೂಲಿ ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೂ ಹೋಗುತ್ತಿದ್ದರು. “ಅವ್ವನ ಅಂಗೈ ವರ್ಷಪೂರ್ತಿ ಅರಿಶಿನ ಬಣ್ಣವೇ” ಎಂದರು. ನನ್ನ ಅಮ್ಮ ಒಂದು ಶುಕ್ರವಾರ ಬೆರಳು ಸುಲಿಸಿಕೊಂಡು ಹಚ್ಚಿದ್ದನ್ನು ಆ ತಾಯಿ ಎಷ್ಟೋ ಶನಿವಾರ ಬಾಗಿ ಬಾಗಿ ತೊಳೆದಿದ್ದಾರೆ. ಇಬ್ಬರೂ ಈಗ ಇಲ್ಲ. ಒಂದೇ ಕಲ್ಲಿನ ಮುಂದೆ ಬಾಗಿದ ಇಬ್ಬರು ಹೆಂಗಸರು ಒಬ್ಬರನ್ನೊಬ್ಬರು ನೋಡಿರಲಿಕ್ಕಿಲ್ಲ ಎಂಬುದನ್ನು ನೆನೆದರೆ ನನಗೆ ಇಂದಿಗೂ ಸಂಕಟವಾಗುತ್ತದೆ.

ಆಷಾಢದ ಶುಕ್ರವಾರಗಳಂದು ಈಗ ಖಾಸಗಿ ವಾಹನಗಳನ್ನು ಮೇಲಕ್ಕೆ ಬಿಡುವುದಿಲ್ಲ. ಲಲಿತಮಹಲ್ ಬಳಿಯ ಮೈದಾನದಿಂದ ಬಸ್ಸುಗಳು ಹೋಗುತ್ತವೆ. ಒಳ್ಳೆಯ ವ್ಯವಸ್ಥೆಯೇ. ಆ ದಿನಗಳಲ್ಲಿ ಊರಿನವರು ಹಾಲು, ತರಕಾರಿ, ಮಾತ್ರೆ ಎಲ್ಲವನ್ನೂ ಗುರುವಾರವೇ ತಂದಿಟ್ಟುಕೊಳ್ಳುತ್ತಾರೆ. ಬಾಗಿಲ ಮುಂದೆಯೇ ಸಾಲು ನಿಂತಿರುತ್ತದೆ, ಹೊಸ್ತಿಲು ದಾಟಲು ಜಾಗ ಕೇಳಬೇಕಾಗುತ್ತದೆ. 2020 ಮತ್ತು 2021ರಲ್ಲಿ ಕೊರೊನಾ ಕಾರಣದಿಂದ ಆಷಾಢದ ಶುಕ್ರವಾರಗಳಂದು ಭಕ್ತರಿಗೆ ಪ್ರವೇಶವಿರಲಿಲ್ಲ. ಆಗ ಬೆಟ್ಟ ಎಷ್ಟು ಚೆನ್ನಾಗಿತ್ತು, ನವಿಲುಗಳು ರಸ್ತೆಗೆ ಬಂದಿದ್ದವು ಎಂದು ನಾವು ಕೆಳಗಿನವರು ಚಿತ್ರ ಹಂಚಿಕೊಂಡೆವು. ಹೂವಿನ ಹೆಂಗಸಿಗೆ ಆ ಎರಡು ಆಷಾಢಗಳ ಬಗ್ಗೆ ಕೇಳಿದೆ. ಮಾರಲು ಹೂವಿರಲಿಲ್ಲ, ಕೈ ಸುಮ್ಮನಿರಲಿಲ್ಲ, ಹಿತ್ತಿಲಿನ ಕಣಗಿಲೆಯನ್ನೇ ಕಟ್ಟಿ ಮಹಾಬಲೇಶ್ವರನ ಗುಡಿಯ ಬಾಗಿಲಿಗೆ ಹಾಕಿ ಬರುತ್ತಿದ್ದೆ ಎಂದರು. ಮಗ ಕೆಳಗೆ ಗೋದಾಮಿನಲ್ಲಿ ಮೂಟೆ ಹೊರಲು ಸೇರಿದ್ದನಂತೆ. ಚಿತ್ರ ಹಂಚಿಕೊಂಡಾಗ ನನಗೆ ಇದು ಹೊಳೆಯಲೇ ಇಲ್ಲ.

ಕುಸಿದ ರಸ್ತೆ

2021ರ ಅಕ್ಟೋಬರಿನ ಮಳೆಗೆ ನಂದಿಯ ಕಡೆ ಹೋಗುವ ರಸ್ತೆ ಕುಸಿಯಿತು. ಅದೇ ಜಾಗದ ಸುತ್ತಮುತ್ತ ಮುಂದಿನ ದಿನಗಳಲ್ಲೂ ಕುಸಿಯುತ್ತಾ ಹೋಯಿತು. ಬೆಟ್ಟದ ಹೊಟ್ಟೆ ಗಟ್ಟಿಯಾದ ಗ್ರಾನೈಟ್, ಸುಮಾರು 80 ಕೋಟಿ ವರ್ಷ ಹಳೆಯದು. ಅದಕ್ಕೇನೂ ಆಗುವುದಿಲ್ಲ. ಜಾರುವುದು ಅದರ ಮೇಲೆ ಹೊದೆಸಿದಂತಿರುವ ಮಣ್ಣು. ಇಳಿಜಾರನ್ನು ಕಡಿದು ರಸ್ತೆ ಮಾಡುತ್ತೇವೆ, ಹೊರಬದಿಗೆ ಕಲ್ಲಿನ ತಡೆಗೋಡೆ ಕಟ್ಟುತ್ತೇವೆ. ಮೇಲಿನಿಂದ ಇಳಿಯುವ ನೀರಿನ ದಾರಿ ಮುಚ್ಚಿಹೋದರೆ ಅದು ಗೋಡೆಯ ಬೆನ್ನಿಗೆ ಸೇರಿ, ಮಣ್ಣನ್ನು ಕೆಸರು ಮಾಡಿ, ಒಂದು ರಾತ್ರಿ ಗೋಡೆಯನ್ನೇ ತಳ್ಳಿಬಿಡುತ್ತದೆ. ಮೇಲೆ ಸಿಮೆಂಟ್ ನೆಲ ಹೆಚ್ಚಿದಷ್ಟೂ ಇಂಗುವ ನೀರು ಕಡಿಮೆ, ಓಡುವ ನೀರು ಹೆಚ್ಚು. ಇದನ್ನು ತಿಳಿಯಲು ಭೂವಿಜ್ಞಾನ ಓದಬೇಕಿಲ್ಲ, ಮಳೆಗಾಲದಲ್ಲಿ ಒಂದು ಗಂಟೆ ಅಲ್ಲಿ ಕೊಡೆ ಹಿಡಿದು ನಿಂತರೆ ಸಾಕು.

ಬೆಟ್ಟಕ್ಕೆ ಇನ್ನಷ್ಟು ಕಟ್ಟಡ ಬೇಡ ಎಂಬ ನನ್ನ ನಿಲುವು ಬದಲಾಗಿಲ್ಲ. ಅದನ್ನು ಜೋರಾಗಿಯೇ ಹೇಳುತ್ತೇನೆ. ಆದರೆ ಈ ಮಾತು ಆಡುವ ನಮ್ಮ ಗುಂಪಿನಲ್ಲೇ ಒಂದು ಸಂಜೆ ಒಬ್ಬರು, “ಆ ಮನೆಗಳನ್ನೆಲ್ಲ ಕೆಳಗೆ ಸ್ಥಳಾಂತರಿಸಿಬಿಟ್ಟರೆ ಬೆಟ್ಟ ಉಸಿರಾಡುತ್ತದೆ” ಎಂದರು. ಯಾರೂ ಎದುರು ಮಾತಾಡಲಿಲ್ಲ, ನಾನೂ ಆಡಲಿಲ್ಲ. ಹೆಚ್ಚು ವಾಹನ ನಿಲ್ಲಲಿ, ಹೆಚ್ಚು ಜನ ಬರಲಿ ಎನ್ನುವವರೂ ಇದನ್ನೇ ಹೇಳುತ್ತಾರೆ, ಕಾರಣ ಮಾತ್ರ ಬೇರೆ. ಬೆಟ್ಟವನ್ನು ಕಾಡಾಗಿ ನೋಡುವವರಿಗೆ ಊರು ಅಡ್ಡ, ಕ್ಷೇತ್ರವಾಗಿ ನೋಡುವವರಿಗೂ ಊರು ಅಡ್ಡ. 2024ರಲ್ಲಿ ಚಾಮುಂಡೇಶ್ವರಿ ಕ್ಷೇತ್ರ ಅಭಿವೃದ್ಧಿ ಪ್ರಾಧಿಕಾರದ ಕಾಯ್ದೆ ಬಂದಾಗ ಪತ್ರಿಕೆಗಳಲ್ಲಿ ನಡೆದ ಚರ್ಚೆಯನ್ನೆಲ್ಲ ಓದಿದೆ. ದೇವಸ್ಥಾನ ಯಾರದ್ದು ಎಂಬ ಪ್ರಶ್ನೆಯ ಮೇಲೆ ಎಷ್ಟೆಷ್ಟೋ ಬರೆದಿದ್ದರು. ಊರು ಯಾರದ್ದು ಎಂದು ಕೇಳಿದ ಒಂದು ಪತ್ರವನ್ನಾದರೂ ನೋಡಲು ನಾನು ಹುಡುಕುತ್ತಿದ್ದೆ. ಕೊನೆಗೆ ನಾನೇ ಒಂದು ಬರೆದೆ, ಪ್ರಕಟವಾಗಲಿಲ್ಲ.

ಕಾಡಿಗೆ ಬೆಂಕಿ ಬಿದ್ದಾಗ ಮೊದಲು ಕಾಣುವುದು ಆ ಊರಿನವರಿಗೆ. ಹೊಗೆಯ ಬಣ್ಣ ನೋಡಿ ಹುಲ್ಲು ಉರಿಯುತ್ತಿದೆಯೋ ಪೊದೆ ಉರಿಯುತ್ತಿದೆಯೋ ಹೇಳುವ ಹುಡುಗರು ಅಲ್ಲಿದ್ದಾರೆ. ಹಸಿ ಸೊಪ್ಪಿನ ಕೊಂಬೆ ಮುರಿದುಕೊಂಡು ಬಡಿಯಲು ಓಡುವವರೂ ಅವರೇ, ಯಾಕೆಂದರೆ ಬೆಂಕಿ ಮೇಲ್ಮುಖವಾಗಿ ಏರುತ್ತದೆ, ಮನೆಗಳಿರುವುದು ಮೇಲೆ. ಪ್ಲಾಸ್ಟಿಕ್ ನಿಷೇಧದ ಫಲಕದ ಕೆಳಗೇ ನಾವು ಎಸೆದು ಹೋದ ನೀರಿನ ಬಾಟಲಿಗಳನ್ನು ಆರಿಸುವವರಲ್ಲೂ ಅವರ ಪಾಲಿದೆ. ಊರಿನವರೆಲ್ಲ ಕಾಡಿನ ಕಾವಲುಗಾರರು ಎಂದು ನಾನು ಹೇಳುತ್ತಿಲ್ಲ. ಅಲ್ಲೂ ಹಿತ್ತಿಲ ಕಸ ಇಳಿಜಾರಿಗೆ ಬೀಳುತ್ತದೆ, ಮನೆಗಳ ಮೇಲೆ ಮನೆಗಳು ಏಳುತ್ತವೆ, ಅಂಗಡಿಗಳು ರಸ್ತೆಗೆ ಚಾಚುತ್ತವೆ. ಮಗನಿಗೆ ಮದುವೆಯಾದರೆ ಒಂದು ಕೋಣೆ ಬೇಕು ಎನ್ನುವುದು ಎಲ್ಲಿಯಾದರೂ ಇದ್ದದ್ದೇ. ಅದಕ್ಕೆ ಅಲ್ಲಿ ಜಾಗವಿಲ್ಲ, ಸುತ್ತಲೂ ಮೀಸಲು ಅರಣ್ಯ. ಈ ಗಂಟನ್ನು ಬಿಡಿಸುವ ಉಪಾಯ ನನ್ನ ಬಳಿ ಇಲ್ಲ. ಅವರನ್ನು ಕೂರಿಸಿಕೊಂಡು ಕೇಳದೆ ಬಿಡಿಸಬಾರದು ಎಂಬುದಷ್ಟು ಮಾತ್ರ ನನಗೆ ಖಚಿತವಾಗಿದೆ.

ಅರಮನೆ ಹೊತ್ತಿತು

ಹೋದ ವರ್ಷ ಮಳೆಗಾಲದ ಒಂದು ಭಾನುವಾರ ಸಂಜೆ ಹೂವಿನ ಹೆಂಗಸಿನ ಮನೆಯ ಜಗಲಿಯಲ್ಲಿ ಕುಳಿತಿದ್ದೆ. ಈಗ ನಾವು ಪರಿಚಿತರು, ನಾನು ಹೋದರೆ ಅವರು ಮೊದಲು ಬೆಲ್ಲದ ಕಾಫಿ ಕೊಟ್ಟು ಆಮೇಲೆ ಮಾತಾಡುತ್ತಾರೆ. ಮಳೆ ನಿಂತು ಗಾಳಿ ತೊಳೆದಂತಿತ್ತು. ಕೆಳಗೆ ನಗರ ಪೂರ್ತಿ ಬಿಚ್ಚಿಕೊಂಡಿತ್ತು, ರೇಸ್‌ಕೋರ್ಸಿನ ಮೊಟ್ಟೆಯಾಕಾರದ ಕತ್ತಲು, ಕಾರಂಜಿ ಕೆರೆಯ ಬೂದು ಹೊಳಪು, ದೂರದಲ್ಲಿ ಸೇಂಟ್ ಫಿಲೋಮಿನಾ ಚರ್ಚಿನ ಜೋಡಿ ಗೋಪುರ. ಏಳು ಗಂಟೆಗೆ ಅರಮನೆಯ ದೀಪಗಳು ಒಮ್ಮೆಲೇ ಹತ್ತಿದವು. ಅರಮನೆಯ ಮುಂದೆ ನಿಂತಿದ್ದರೆ ಸುತ್ತಲಿನ ಜನ ‘ಓ’ ಎಂದು ಕೂಗುವುದು ಕೇಳಿಸುತ್ತದೆ. ಇಲ್ಲಿ ಅದು ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಹೊಂಬಣ್ಣದ ಚುಕ್ಕೆ, ಸದ್ದಿಲ್ಲ. ಒಳಗಿನಿಂದ ಅವರ ಅತ್ತೆ ಕೂಗಿದರು, “ಅರಮನೆ ಹೊತ್ತಿತಾ? ಅನ್ನಕ್ಕೆ ಇಡು.” ಭಾನುವಾರದ ಮಟ್ಟಿಗೆ ಅವರ ಮನೆಯ ಗಡಿಯಾರ ಅದು.

ಮಾತಿನಲ್ಲಿ ಬಸ್ಸು ತಪ್ಪಿತು. ಮೆಟ್ಟಿಲಿಳಿದು ಹೋಗುತ್ತೇನೆ ಎಂದರೆ ಮನೆಯವರೆಲ್ಲ ಒಟ್ಟಿಗೆ ಬೈದರು. ಹಿಂದಿನ ವಾರವಷ್ಟೇ ಚಿರತೆಯೊಂದು ತಿರುವಿನ ಹತ್ತಿರ ಕಾಣಿಸಿಕೊಂಡಿತ್ತಂತೆ. ಕತ್ತಲಾಗುತ್ತಿದ್ದಂತೆ ಅಕ್ಕಪಕ್ಕದ ಮನೆಗಳಲ್ಲಿ ನಾಯಿಗಳನ್ನು ಹೆಸರು ಹಿಡಿದು ಕರೆದು ಒಳಗೆ ಸೇರಿಸಿಕೊಳ್ಳುವ ಸದ್ದು. ಮಕ್ಕಳನ್ನು ಕರೆಯುವಂತೆಯೇ, ಅದೇ ಧಾಟಿ. ಹಗಲಿಡೀ ಕಾಲಿಡಲು ಜಾಗವಿಲ್ಲದ ಆ ಬೀದಿ ಅರ್ಧ ಗಂಟೆಯಲ್ಲಿ ಯಾವುದೋ ಹಳ್ಳಿಯ ಬೀದಿಯಾಯಿತು. ಎಲ್ಲೋ ಒಗ್ಗರಣೆ ಚಟಪಟ ಎಂದಿತು. ಹುಡುಗನೊಬ್ಬ ಮಗ್ಗಿ ಹೇಳುತ್ತಿದ್ದ. ಮುಚ್ಚಿದ ಅಂಗಡಿಗಳ ಕಟ್ಟೆಯ ಮೇಲೆ ಮೂವರು ಮುದುಕರು ಟವೆಲ್ ಹೊದ್ದು ಕುಳಿತಿದ್ದರು. ಆ ಕಟ್ಟೆಯ ಮೇಲೆ ಹಗಲು ಹೊತ್ತಿನಲ್ಲಿ ಮಹಿಷಾಸುರನ ಗೊಂಬೆಗಳನ್ನು ಸಾಲಾಗಿ ಇಟ್ಟಿರುವುದನ್ನಷ್ಟೇ ನಾನು ಕಂಡಿದ್ದೆ.

ರಾತ್ರಿ ಊಟವಾದ ಮೇಲೆ ಅವರು ಮರುದಿನದ ಹೂವಿನ ಬುಟ್ಟಿಯನ್ನು ಮುಂದಿಟ್ಟುಕೊಂಡರು. ನೆನೆಸಿಟ್ಟ ಬಾಳೆನಾರನ್ನು ಹಲ್ಲಿನಿಂದ ಸೀಳಿ, ಎಡಗೈಯ ಎರಡು ಬೆರಳ ನಡುವೆ ಎರಡು ಸೇವಂತಿಗೆಯನ್ನು ಬೆನ್ನಿಗೆ ಬೆನ್ನು ಹಚ್ಚಿ ಇಟ್ಟು, ನಾರನ್ನು ಸುತ್ತಿ, ಕೆಳಗಿನಿಂದ ಕುಣಿಕೆ ಎಳೆದು ಬಿಗಿಯುತ್ತಿದ್ದರು. ಕಣ್ಣು ಟಿವಿಯ ಕಡೆಗೆ. ನಾನೂ ಕಲಿಯಲು ಕುಳಿತೆ. ನಾನು ಬಿಗಿದಾಗ ಹೂವಿನ ಕತ್ತು ಮುರಿಯುತ್ತಿತ್ತು, ಸಡಿಲ ಬಿಟ್ಟರೆ ಜಾರುತ್ತಿತ್ತು. “ಬಿಗಿಯಬೇಡಿ, ಹಿಡಿಯಿರಿ” ಎಂದರು. ಒಂದು ಮೊಳ ಕಟ್ಟುವಷ್ಟರಲ್ಲಿ ಅವರ ಮಾರುಗಟ್ಟಲೆ ಮುಗಿದಿತ್ತು. ಆಗ ಧೈರ್ಯ ಮಾಡಿ ಹಳೆಯ ಪ್ರಶ್ನೆ ನೆನಪಿಸಿದೆ. ಅಂದು ಸೇರುತ್ತೀರಿ ಎಂದು ಹೇಳಿದ್ದೆ, ಕಾಗದದಲ್ಲಿ ನಿಮ್ಮ ಬಗ್ಗೆ ಒಂದು ಸಾಲೂ ಇರಲಿಲ್ಲ, ಅದು ಗೊತ್ತಿದ್ದೂ ಸಹಿ ಹಾಕಿದಿರಾ ಎಂದು ಕೇಳಿದೆ.

“ಓದಿದ್ದೆನಲ್ಲ” ಎಂದರು. “ಮರ ಉಳಿಯಲಿ ಎಂದು ಹಾಕಿದೆ. ಅಂಥದ್ದಕ್ಕೆ ಇಲ್ಲ ಎನ್ನಲು ಆಗುತ್ತದೆಯೇ?” ಸ್ವಲ್ಪ ಹೊತ್ತು ಬಿಟ್ಟು, “ಇನ್ನೊಮ್ಮೆ ಬರೆಯುವುದಿದ್ದರೆ ಮೊದಲು ತಂದು ತೋರಿಸಿ” ಎಂದು ಸೇರಿಸಿದರು.

ಬೆಳಿಗ್ಗೆ ಎಚ್ಚರವಾದಾಗ ಮೈಸೂರು ಕಾಣುತ್ತಿರಲಿಲ್ಲ. ಮಂಜು ಬೆಟ್ಟದ ಸೊಂಟದವರೆಗೆ ತುಂಬಿಕೊಂಡು ಊರೊಂದೇ ತೇಲುತ್ತಿತ್ತು. ಮೆಟ್ಟಿಲುಗಳ ಕಡೆಯಿಂದ ಹತ್ತುವವರ ಏದುಸಿರು, ಮೊಬೈಲಿನ ಸ್ತೋತ್ರ ಮೇಲಕ್ಕೆ ಬರುತ್ತಿದ್ದವು. 201ನೇ ನಂಬರಿನ ಬಸ್ಸು ಖಾಲಿಯಾಗಿ ಬಂದು ತಿರುಗಿ ನಿಂತಿತ್ತು. ಅವರ ಮಗಳು ಕಾಲೇಜಿನ ಚೀಲ ಹೆಗಲಿಗೇರಿಸಿ, ಒದ್ದೆ ಜಡೆಯ ತುದಿ ಕಟ್ಟುತ್ತಾ ಓಡಿ ಬಂದು ಹತ್ತಿದಳು. ನಾನು ಅವಳ ಪಕ್ಕದಲ್ಲಿ ಕುಳಿತೆ. ಬಸ್ಸು ಹೊರಡುವ ಮೊದಲು ತಾಯಿ ಕಿಟಕಿಯ ಹತ್ತಿರ ಬಂದು, ಮಗಳಿಗೆ ಬುತ್ತಿಯನ್ನೂ ನನಗೆ ಒಂದು ಚೀಟಿಯನ್ನೂ ಕೊಟ್ಟರು. ದೇವರಾಜ ಮಾರುಕಟ್ಟೆಯಿಂದ ಬಾಳೆನಾರು ಎರಡು ಕಟ್ಟು, ಅತ್ತೆಯ ಮೊಣಕಾಲಿಗೆ ಹಚ್ಚುವ ಎಣ್ಣೆ. ಕಟ್ಟು ಬಿಚ್ಚಿ ನೋಡಿ ಕೊಳ್ಳಬೇಕು, ಮೇಲೆ ಒಳ್ಳೆಯದಿಟ್ಟು ಒಳಗೆ ಒಣಕಲು ನಾರು ಸೇರಿಸಿರುತ್ತಾರೆ ಎಂದು ಎರಡೆರಡು ಸಲ ಹೇಳಿದರು.